ಕಂಬ ಹಿಡಿದವರು ಉಳಿಯಬೇಕಲ್ಲ!

ಬೆಂಗಳೂರಿನಲ್ಲಿ ಪೋಲ್ ಡಾನ್ಸ್ ಕಲಿಯುತ್ತಿದ್ದೇನೆ ಅಂದರೆ ಸಾಕು, ‘ಮನೇಲಿ ಏನೂ ಅನ್ನಲ್ವಾ?’ ಎಂಬ ಪ್ರಶ್ನೆ ಬರುತ್ತದೆ. ಮಲ್ಲಕಂಬದ ದೂರದ ನೆಂಟ ಅಂದುಕೊಳ್ಳಿ ಎನ್ನುತ್ತೇನೆ. ಅಲ್ಲಿ ಎಣ್ಣೆ ಸವರಿದ ಮರದ ಕಂಬ, ಇಲ್ಲಿ ಸುಮಾರು 45 ಮಿಲಿಮೀಟರ್ ದಪ್ಪದ ಲೋಹದ ಕಂಬ.

ರೀಲ್ಸ್ ನೋಡಿ ಟ್ರಯಲ್ ಕ್ಲಾಸಿಗೆ ಬರುವವರಿಗೇನೂ ಬರವಿಲ್ಲ. ಎರಡನೇ ವಾರಕ್ಕೆ ಎಷ್ಟೋ ಮಂದಿ ನಾಪತ್ತೆ. ಸೋಮಾರಿತನ ಅಂತ ಬೈಯಬೇಡಿ. ಬಟ್ಟೆ ಜಾರುತ್ತದೆ, ಹಿಡಿತ ಸಿಗುವುದು ಚರ್ಮಕ್ಕೆ ಮಾತ್ರ. ಶಾರ್ಟ್ಸ್ ಹಾಕುವುದು ಅದಕ್ಕೇ. ತೊಡೆ, ಮೊಣಕಾಲಿನ ಹಿಂಭಾಗ ನೀಲಿಗಟ್ಟುತ್ತದೆ. ಮಾಯಿಶ್ಚರೈಸರ್ ಹಚ್ಚಿಕೊಂಡು ಬಂದರಂತೂ ಸೊಯ್ಯನೆ ಕೆಳಗೆ! ಇದನ್ನೆಲ್ಲ ಮೊದಲ ದಿನವೇ ಹೇಳದಿದ್ದರೆ, ‘ಈ ದೇಹಕ್ಕೆ ಇದು ಆಗಲ್ಲ’ ಅಂದುಕೊಂಡು ಹೊಸಬರು ಮನೆ ಸೇರುತ್ತಾರೆ.

ಸ್ಟುಡಿಯೊದವರಿಗೂ ಬಾಡಿಗೆ ಕಟ್ಟಬೇಕು, ಹಾಗಾಗಿ ಡಿಸ್ಕೌಂಟ್ ಕೊಡುತ್ತಾರೆ. ಡಿಸ್ಕೌಂಟ್ ನೋಡಿ ಬಂದವರು ಅದು ಮುಗಿದ ದಿನ ಹೊರಡುತ್ತಾರೆ, ಅಷ್ಟೇ. ನಮ್ಮ ಟೀಚರ್ ತಲೆಕೆಳಗಾಗುವ ಪಟ್ಟುಗಳನ್ನು ಮುಂದಕ್ಕಿಟ್ಟು, ಮೊದಲು ಫೈರ್‌ಮನ್ ಸ್ಪಿನ್ ಕಲಿಸುತ್ತಾರೆ. ಒಂದೇ ಕ್ಲಾಸಿನಲ್ಲಿ ಗಿರ್ರನೆ ಒಂದು ಸುತ್ತು ಹಾಕಿದ ಖುಷಿ ಇದೆಯಲ್ಲ, ಅದು ಮತ್ತೆ ಎಳೆದು ತರುತ್ತದೆ. ಕೇಳದೆ ಯಾರ ವಿಡಿಯೊವನ್ನೂ ಅವರು ಹಾಕುವುದಿಲ್ಲ. ಈ ನಿಯಮ ಇಲ್ಲದಿದ್ದರೆ ನಮ್ಮ ಬ್ಯಾಚಿನಲ್ಲಿ ಇಬ್ಬರಾದರೂ ಬಿಟ್ಟಿರುತ್ತಿದ್ದರು. ಒಬ್ಬಳ ಮನೆಯಲ್ಲಿ ಇದಿನ್ನೂ ‘ಯೋಗ ಕ್ಲಾಸ್’! ಎರಡು ಕ್ಲಾಸ್ ತಪ್ಪಿಸಿದರೆ ಟೀಚರ್ ಮೆಸೇಜ್ ಬರುತ್ತದೆ. ಫೀಸಿನ ಸುದ್ದಿಯೇ ಇರುವುದಿಲ್ಲ, ‘ಮೊಣಕಾಲು ಹೇಗಿದೆ?’ ಅಂತ ಕೇಳಿರುತ್ತಾರೆ.