ಕೆಲಸದ ನಕ್ಷೆಯಿಂದ ಕಾರ್ಯವಿಧಾನವನ್ನು ಬರೆಯುವ ಕ್ರಮ

ಒಂದು ಕೆಲಸವನ್ನು ಚೆನ್ನಾಗಿ ಮಾಡಬಲ್ಲವರೆಲ್ಲರೂ ಆ ಕೆಲಸದ ಕ್ರಮವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಬರೆಯಬಲ್ಲರೆಂದು ಹೇಳಲಾಗದು. ಉಪ್ಪಿನಕಾಯಿ ಹಾಕುವುದರಲ್ಲಿ ಕೈಪಳಗಿದ ಅಜ್ಜಿಯನ್ನು ಕೇಳಿದರೆ “ಉಪ್ಪನ್ನು ಹದವಾಗಿ ಹಾಕು” ಎನ್ನುವಳು; ಆ ಹದವು ಆಕೆಯ ಕೈಗೆ ತಿಳಿದಿದೆಯೇ ಹೊರತು ಹೊಸ ಸೊಸೆಯ ಕೈಗೆ ತಿಳಿದಿಲ್ಲ. ಕಛೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿಯೂ ಇದೇ ಸಂಗತಿ. ಜರಗನಹಳ್ಳಿಯ ನಮ್ಮ ಶಾಲೆಯಲ್ಲಿ ಓದಿ ಹೋದ ಅನೇಕರು ಇಂದು ತಮ್ಮ ಕೈಕೆಳಗಿನವರಿಗೆ ಕಾರ್ಯವಿಧಾನಗಳನ್ನು ಬರೆದುಕೊಡಬೇಕಾದ ಸ್ಥಾನದಲ್ಲಿದ್ದಾರೆ. ಬರೆಯುವುದಕ್ಕೆ ಮುಂಚೆ ಕೆಲಸದ ನಕ್ಷೆಯನ್ನು ತೆಗೆದುಕೊಳ್ಳುವ ಪದ್ಧತಿಯು ಅವರಿಗೆ ಬಹಳ ಉಪಯುಕ್ತವಾದುದು. ಅದನ್ನು ಇಲ್ಲಿ ಸಂಗ್ರಹವಾಗಿ ವಿವರಿಸುವೆನು.

ಈ ಪದ್ಧತಿಯನ್ನು ಅಮೆರಿಕದ ಫ್ರ್ಯಾಂಕ್ ಗಿಲ್ಬ್ರೆತ್ ಮತ್ತು ಲಿಲಿಯನ್ ಗಿಲ್ಬ್ರೆತ್ ಎಂಬ ದಂಪತಿಗಳು 1921ರಲ್ಲಿ ಅಲ್ಲಿನ ಯಂತ್ರಶಿಲ್ಪಿಗಳ ಸಂಘದ ಮುಂದೆ ಮಂಡಿಸಿದರು. ಫ್ರ್ಯಾಂಕರು ಮೊದಲು ಇಟ್ಟಿಗೆ ಕಟ್ಟುವ ಕೆಲಸ ಕಲಿತವರು. ಲಿಲಿಯನ್ನರು 1915ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ವಿದುಷಿ. ಹನ್ನೆರಡು ಮಕ್ಕಳ ತಾಯಿ. 1924ರಲ್ಲಿ ಪತಿಯು ತೀರಿಕೊಂಡ ಮೇಲೆ ಆಕೆಯು ಈ ಕಾರ್ಯವನ್ನು ತಾನೇ ಮುಂದುವರಿಸಿ, ಅಡಿಗೆಮನೆಯ ಕೆಲಸಗಳಿಗೂ ಅದನ್ನು ಅನ್ವಯಿಸಿದಳು. 1947ರಲ್ಲಿ ಅದೇ ಸಂಘವು ನಕ್ಷೆಗೆ ಐದು ಗುರುತುಗಳನ್ನು ಗೊತ್ತುಮಾಡಿತು: ಕೆಲಸಕ್ಕೆ ವೃತ್ತ, ಸಾಗಣೆಗೆ ಬಾಣ, ತನಿಖೆಗೆ ಚೌಕ, ಕಾಯುವಿಕೆಗೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರ, ದಾಸ್ತಾನಿಗೆ ತಲೆಕೆಳಗಾದ ತ್ರಿಕೋನ. “ಹೌದೋ ಅಲ್ಲವೋ” ಎಂದು ನಿರ್ಣಯಿಸತಕ್ಕ ಸ್ಥಳಕ್ಕೆ ವಜ್ರಾಕೃತಿಯನ್ನು ಹಾಕುವ ರೂಢಿಯೂ ಈಗ ಉಂಟು.

ತಾಯಿತಂದೆಗಳೆಲ್ಲರೂ ಬಲ್ಲ ಒಂದು ಕೆಲಸವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶಾಲೆಯನ್ನು ಬಿಡುವ ಹುಡುಗಿಗೆ ವರ್ಗಾವಣೆ ಪತ್ರವನ್ನು ಕೊಡಬೇಕು. ಸಾಮಾನ್ಯವಾಗಿ ಇದರ ವಿಧಾನವನ್ನು ಹೀಗೆ ಬರೆಯುವುದುಂಟು: “ಅರ್ಜಿಯನ್ನು ಪರಿಶೀಲಿಸಿ, ದಾಖಲೆಗಳನ್ನು ನೋಡಿ, ಪತ್ರವನ್ನು ಕೊಡತಕ್ಕದ್ದು.” ಓದುವುದಕ್ಕೆ ಸರಿಯಾಗಿಯೇ ಇದೆ. ಆದರೆ ಇದನ್ನು ನಕ್ಷೆಯಾಗಿ ಬರೆಯಲು ಹೊರಟೊಡನೆ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ.

ಒಂದು ದೊಡ್ಡ ಹಾಳೆಯ ಮೇಲೆ ಅಡ್ಡಲಾಗಿ ನಾಲ್ಕು ಪಟ್ಟಿಗಳನ್ನು ಎಳೆಯಿರಿ. ಮೊದಲನೆಯದು ತಾಯಿಯದು, ಎರಡನೆಯದು ಗುಮಾಸ್ತರದು, ಮೂರನೆಯದು ತರಗತಿಯ ಉಪಾಧ್ಯಾಯಿನಿಯದು, ನಾಲ್ಕನೆಯದು ಮುಖ್ಯೋಪಾಧ್ಯಾಯಿನಿಯದು. ತಾಯಿಯು ಅರ್ಜಿ ಕೊಡುತ್ತಾಳೆ. ಗುಮಾಸ್ತರು ದಾಖಲಾತಿ ಪುಸ್ತಕದಲ್ಲಿ ಹುಡುಗಿಯ ಹೆಸರನ್ನೂ ಜನ್ಮದಿನಾಂಕವನ್ನೂ ನೋಡುತ್ತಾರೆ. ಉಪಾಧ್ಯಾಯಿನಿಯು ಹಾಜರಿಯನ್ನೂ ಪುಸ್ತಕಭಂಡಾರದ ಬಾಕಿಯನ್ನೂ ತಿಳಿಸುತ್ತಾಳೆ. ಗುಮಾಸ್ತರು ಪತ್ರವನ್ನು ಸಿದ್ಧಪಡಿಸುತ್ತಾರೆ. ಮುಖ್ಯೋಪಾಧ್ಯಾಯಿನಿ ರುಜು ಹಾಕುತ್ತಾಳೆ. ತಾಯಿಯು ಪುಸ್ತಕದಲ್ಲಿ ಸಹಿ ಮಾಡಿ ಪತ್ರವನ್ನು ಪಡೆಯುತ್ತಾಳೆ. ಕಾಗದವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವಲ್ಲೆಲ್ಲಾ ಬಾಣವನ್ನು ಹಾಕಿರಿ.

ಈಗ ನಕ್ಷೆಯೇ ಮಾತನಾಡತೊಡಗುವುದು. ಪತ್ರವನ್ನು ಬರೆಯುವ ಕೆಲಸ ಸ್ವಲ್ಪ ಹೊತ್ತಿನದು. ದಿನಗಳು ಕಳೆಯುವುದು ಬಾಣಗಳ ತುದಿಯಲ್ಲಿ, ಮೇಜಿನ ಮೇಲೆ. ಉಪಾಧ್ಯಾಯಿನಿಯು ರಜದಲ್ಲಿದ್ದರೆ ಆಕೆಯ ಬದಲು ಯಾರು ಉತ್ತರ ಕೊಡತಕ್ಕದ್ದು? ಅರ್ಜಿಯಲ್ಲಿರುವ ಹೆಸರಿಗೂ ದಾಖಲಾತಿಯಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಮುಂದೇನು? ಮೇಲೆ ಹೇಳಿದ ಒಂದು ಸಾಲಿನ ವಿಧಾನದಲ್ಲಿ ಇವುಗಳಿಗೆ ಉತ್ತರವೇ ಇಲ್ಲ. ಉತ್ತರವಿಲ್ಲದ ಕಡೆಯಲ್ಲಿ “ನಾಳೆ ಬನ್ನಿ” ಎಂಬ ಮಾತು ಹುಟ್ಟುತ್ತದೆ. ದಿನಗೂಲಿಯಿಂದ ಜೀವಿಸುವ ತಾಯಿಗೆ ಒಂದು “ನಾಳೆ” ಎಂದರೆ ಒಂದು ದಿನದ ಕೂಲಿ. ಮೂರು “ನಾಳೆ”ಗಳಾದರೆ ಮಗಳಿಗೆ ಬೇರೆ ಶಾಲೆಯಲ್ಲಿ ಸ್ಥಳವೇ ತಪ್ಪಿಹೋಗಬಹುದು.

ನಕ್ಷೆಯು ಸಿದ್ಧವಾದ ಮೇಲೆ ಬರವಣಿಗೆ ಸುಲಭ. ಒಂದೊಂದು ಗುರುತಿಗೆ ಒಂದೊಂದು ವಾಕ್ಯ. ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ. ಇಲ್ಲಿ ನಮ್ಮ ಭಾಷೆಯ ಒಂದು ಗುಣವನ್ನು ನೆನಪಿನಲ್ಲಿಡತಕ್ಕದ್ದು. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟರೂ ವಾಕ್ಯವು ನಿಲ್ಲುತ್ತದೆ. ಮನೆಮಾತಿನಲ್ಲಿ ಇದು ಸೊಗಸು, ಕಾರ್ಯವಿಧಾನದಲ್ಲಿ ಕೇಡು. “ಪರಿಶೀಲಿಸತಕ್ಕದ್ದು” ಎಂದರೆ ಎಲ್ಲರೂ ಇನ್ನೊಬ್ಬರ ಮುಖವನ್ನು ನೋಡುವರು. “ಗುಮಾಸ್ತರು ಅರ್ಜಿ ಬಂದ ದಿನವೇ ಹೆಸರನ್ನು ದಾಖಲಾತಿಯೊಡನೆ ಹೋಲಿಸಬೇಕು. ವ್ಯತ್ಯಾಸವಿದ್ದರೆ, ಬೇಕಾದ ದಾಖಲೆ ಯಾವುದೆಂದು ತಾಯಿಗೆ ಆಗಲೇ ಬರೆದುಕೊಡಬೇಕು” ಎಂದರೆ ಸಂದೇಹಕ್ಕೆ ಎಡೆಯಿಲ್ಲ. “ಬೇಗನೆ”, “ಸೂಕ್ತವಾಗಿ”, “ಅಗತ್ಯವಿದ್ದಲ್ಲಿ” ಎಂಬ ಪದಗಳು ಅಜ್ಜಿಯ “ಹದವಾಗಿ” ಎಂಬುದರ ಒಡಹುಟ್ಟಿದವುಗಳೇ. ಅವುಗಳಿಗೆ ಬದಲಾಗಿ ದಿನವನ್ನೂ ಅಳತೆಯನ್ನೂ ಬರೆಯಿರಿ.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವೊಂದಿದೆ. 2011ರ ಕಾಯಿದೆಯ ಮೇರೆಗೆ, 2012ರ ಏಪ್ರಿಲ್ 2ರಿಂದ ಕರ್ನಾಟಕದಾದ್ಯಂತ ಜಾರಿಗೆ ಬಂದ ‘ಸಕಾಲ’ ವ್ಯವಸ್ಥೆಯು ಪಟ್ಟಿಯಲ್ಲಿರುವ ಪ್ರತಿಯೊಂದು ಸೇವೆಗೂ ಹೊಣೆಗಾರನಾದ ಅಧಿಕಾರಿ ಯಾರು, ಎಷ್ಟು ದಿನದೊಳಗೆ ಮಾಡತಕ್ಕದ್ದು, ಆಗದಿದ್ದರೆ ಯಾರಲ್ಲಿ ಮೇಲ್ಮನವಿ ಎಂಬ ಮೂರನ್ನೂ ಗೊತ್ತುಮಾಡಿತು. ಅರ್ಜಿದಾರನಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದ ಪರಿಹಾರವನ್ನು ಕೇಳುವ ಹಕ್ಕನ್ನೂ ಕಾಯಿದೆಯು ಕೊಟ್ಟಿತು. ಹಣವು ಅಲ್ಪವೇ, ಆದರೆ ನಕ್ಷೆಯಲ್ಲಿ ಕಾಯುವಿಕೆಯ ಗುರುತಿಗೂ ಒಬ್ಬ ಒಡೆಯನುಂಟೆಂದು ಒಪ್ಪಿಕೊಂಡದ್ದು ಅಲ್ಪವಲ್ಲ.

ಇನ್ನು ಕೆಲವು ಎಚ್ಚರಿಕೆಗಳು. ನಕ್ಷೆಯನ್ನು ಮೇಲಧಿಕಾರಿಯು ತನ್ನ ಕೊಠಡಿಯಲ್ಲಿ ಕುಳಿತು ಬರೆಯಕೂಡದು. ಕೆಲಸ ನಡೆಯುವ ಸ್ಥಳಕ್ಕೆ ಹೋಗಿ, ಮಾಡುವವರ ಬಳಿ ನಿಂತು, ಅದು ನಡೆಯಬೇಕಾದಂತಲ್ಲ, ನಡೆಯುತ್ತಿರುವಂತೆಯೇ ಬರೆಯಬೇಕು. ಕಸ ಗುಡಿಸುವವಳಿಗೂ ಜವಾನನಿಗೂ ಗೊತ್ತಿರುವ ಸಂಗತಿಯು ಎಷ್ಟೋ ಸಲ ವ್ಯವಸ್ಥಾಪಕರಿಗೆ ಗೊತ್ತಿರುವುದಿಲ್ಲ. ನಕ್ಷೆಯು ಒಂದು ಹಾಳೆಗೆ ಮೀರಿದರೆ ಅದನ್ನು ಎರಡು ಕೆಲಸಗಳಾಗಿ ವಿಂಗಡಿಸುವುದು ಮೇಲು. ಬರೆದ ವಿಧಾನವನ್ನು ಆ ಕೆಲಸವನ್ನರಿಯದ ಹೊಸಬಳ ಕೈಗೆ ಕೊಟ್ಟು, ನೀವು ಬಾಯಿ ತೆರೆಯದೆ ನೋಡಿರಿ. ಆಕೆಯು ಎಲ್ಲಿ ತಡೆದು ನಿಲ್ಲುವಳೋ ಅಲ್ಲಿ ತಿದ್ದತಕ್ಕದ್ದು ಬರಹವನ್ನು, ಆಕೆಯನ್ನಲ್ಲ. ಕೊನೆಗೆ ದಿನಾಂಕವನ್ನೂ, ಮುಂದೆ ಬದಲಾಯಿಸುವ ಅಧಿಕಾರ ಯಾರದೆಂಬುದನ್ನೂ ಬರೆಯಿರಿ. ಹಳೆಯ ವಿಧಾನವು ಗೋಡೆಯ ಮೇಲೆ ಉಳಿದರೆ, ಏನೂ ಇಲ್ಲದಿರುವುದಕ್ಕಿಂತಲೂ ಹೆಚ್ಚು ಹಾನಿಯಾದೀತು.

ಕಾರ್ಯವಿಧಾನವು ಅಧಿಕಾರವನ್ನು ಮೆರೆಸುವುದಕ್ಕಾಗಿ ಬರೆಯುವ ಆಜ್ಞೆಯಲ್ಲ. ಬರೆದವಳು ಎದುರಿಗಿಲ್ಲದಾಗಲೂ ಕೆಲಸ ಮಾಡುವವಳಿಗೆ ಧೈರ್ಯವನ್ನೂ, ಕಿಟಕಿಯ ಹೊರಗೆ ಕಾಯುವವಳಿಗೆ ನ್ಯಾಯವನ್ನೂ ಕೊಡತಕ್ಕ ಬರಹವು. ನಮ್ಮ ಹೆಣ್ಣುಮಕ್ಕಳು ಎಲ್ಲಿ ಕೆಲಸಕ್ಕೆ ಸೇರಿದರೂ ಇಂಥ ಬರಹವನ್ನು ಬರೆಯಬಲ್ಲವರಾಗಲಿ.