ಜೋಗೇಶ್ವರಿಯಿಂದ ಚರ್ಚ್‌ಗೇಟಿಗೆ

ಜೋಗೇಶ್ವರಿಯಲ್ಲಿ ನಿಧಾನಗತಿಯ ಲೋಕಲ್ ಹತ್ತಿದವರು, ಗಾಡಿ ಬದಲಿಸುವ ಪ್ರಮೇಯವೇ ಇಲ್ಲದೆ, ಕಡೆಯ ನಿಲ್ದಾಣವಾದ ಚರ್ಚ್‌ಗೇಟಿನಲ್ಲಿಳಿದು ಸ್ವಲ್ಪ ನಡೆದರೆ ಸರಕಾರಿ ಲಾ ಕಾಲೇಜನ್ನು ಸೇರಬಹುದು. 1855ರಲ್ಲಿ ಆರಂಭಗೊಂಡು, 1935ರಲ್ಲಿ ಡಾಕ್ಟರ್ ಅಂಬೇಡ್ಕರರನ್ನೇ ಪ್ರಾಂಶುಪಾಲರನ್ನಾಗಿ ಪಡೆದ ಆ ವಿದ್ಯಾಲಯಕ್ಕೂ, ಜೋಗೇಶ್ವರಿಯ ಗುಹಾದೇವಾಲಯದ ನೆರೆಯ ಚಾಳುಗಳಲ್ಲಿ ಬೆಳೆಯುವ ಮಕ್ಕಳಿಗೂ ನಡುವಣ ದೂರ ರೈಲಿನ ಲೆಕ್ಕದಲ್ಲಿ ಅಲ್ಪವೇ. ಹನ್ನೆರಡನೆಯ ತರಗತಿಯ ಬೆನ್ನಿಗೇ ಐದು ವರ್ಷಗಳ ಕಾನೂನು ಪದವಿಗೆ ಸೇರಬಹುದೆಂಬ ವಾರ್ತೆ ಸಕಾಲದಲ್ಲಿ ಮನೆಗೆ ಮುಟ್ಟದಿರುವುದೇ ನಿಜವಾದ ದೂರ.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯ ಬೆಂಚಿನ ಮೇಲೆ ಕನ್ನಡದಲ್ಲಿ ಓದಿ, ಕ್ರಮೇಣ ಕರಿಯ ಕೋಟು ತೊಟ್ಟ ಕರಾವಳಿಯ ಹಿರಿಯರು ಮುಂಬಯಿ ಕನ್ನಡಿಗರಿಗೆ ಅಪರಿಚಿತರಲ್ಲ. ಅವರಿಗೆ ಪ್ರವೇಶಪರೀಕ್ಷೆಯ ಕಾಟವಿರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಮಾಧವ ಮೆನನ್ನರ ನೇತೃತ್ವದಲ್ಲಿ 1988ರಲ್ಲಿ ತರಗತಿಗಳನ್ನಾರಂಭಿಸಿ ಐದು ವರ್ಷಗಳ ಪಾಠಕ್ರಮಕ್ಕೆ ಪ್ರತಿಷ್ಠೆ ತಂದ ಮೇಲೆ, ಅಂತಹ ವಿದ್ಯಾಲಯಗಳು ಹಲವಾಗಿ, 2008ರಿಂದ ಅವುಗಳಿಗೆ ‘ಕ್ಲ್ಯಾಟ್’ ಎಂಬ ಸಾಮಾನ್ಯ ಪರೀಕ್ಷೆಯೊಂದು ಏರ್ಪಟ್ಟಿತು. ಅದರ ಅರ್ಜಿಶುಲ್ಕವೇ 4,000 ರೂಪಾಯಿ. ಪರಿಶಿಷ್ಟರಿಗೂ ಬಡವರಿಗೂ 500 ರೂಪಾಯಿ ಕಡಿಮೆ. ತರಬೇತಿಯ ವೆಚ್ಚ ಬೇರೆ.

ಈ ಅಂತರವನ್ನು ಕಂಡು ಮರುಗಿದವರು ಅದೇ ಬೆಂಗಳೂರಿನ ಶಾಲೆಯಲ್ಲಿ ಕಲಿತ ಪ್ರಾಧ್ಯಾಪಕ ಶಮ್ನಾದ್ ಬಷೀರ್. 2010ರಲ್ಲಿ ಅವರು ಸ್ಥಾಪಿಸಿದ ‘ಐಡಿಐಎ’ ಸಂಸ್ಥೆಯಲ್ಲಿ ಕಾನೂನು ವಿದ್ಯಾರ್ಥಿಗಳೇ ಸ್ವಯಂಸೇವಕರು. ಅವರು ಶಾಲೆಗಳಿಗೆ ತಾವಾಗಿ ಹೋಗಿ, ಸಮರ್ಥರಾದ ಬಡಮಕ್ಕಳನ್ನು ಆರಿಸಿ, ಉಚಿತವಾಗಿ ಸಿದ್ಧಪಡಿಸುವುದಲ್ಲದೆ, ಪ್ರವೇಶ ದೊರೆತ ತರುವಾಯವೂ ಕೈಬಿಡದೆ ನಡೆಸಿಕೊಳ್ಳುತ್ತಾರೆ. ಬಷೀರರು 2019ರ ಆಗಸ್ಟಿನಲ್ಲಿ ನಮ್ಮ ಬಾಬಾಬುಡನ್‌ಗಿರಿಯಲ್ಲಿ ಅಕಾಲಮರಣಕ್ಕೀಡಾದರು, ಸಂಸ್ಥೆ ಉಳಿದಿದೆ.

ಸಿದ್ಧಪಡಿಸುವ ಈ ಕೆಲಸದ ಮರ್ಮವನ್ನು ಪ್ರವೇಶಪರೀಕ್ಷೆಯ ಮಾದರಿಯ ಒಂದು ಪ್ರಶ್ನೆಯ ದೃಷ್ಟಾಂತದಿಂದ ಹೇಳುವೆನು. ಅಂಗಡಿಯ ಮುಂದೆ ತೂಗುಹಾಕಿದ ಅಂಗಿಗೆ 100 ರೂಪಾಯಿಯ ಚೀಟಿ ಅಂಟಿಸಿದೆ. ಗಿರಾಕಿ ಹಣ ನೀಡಿದಾಗ ಅಂಗಡಿಯವನು ಕೊಡೆನೆನ್ನುತ್ತಾನೆ. ಮೋಸವೆಂದು ಮಗು ಥಟ್ಟನೆ ಕೂಗುತ್ತದೆ. ಆದರೆ ಪ್ರಶ್ನೆಯೊಡನೆ ಕೊಟ್ಟಿರುವ ಸೂತ್ರವಾದರೋ, ಬೆಲೆಚೀಟಿಯು ಮಾರಾಟದ ಪ್ರಸ್ತಾವವಲ್ಲ, ಪ್ರಸ್ತಾವ ಮಾಡಿರೆಂಬ ಆಹ್ವಾನ ಮಾತ್ರ, ಎಂದಿದೆ. ಆದುದರಿಂದ ಒಪ್ಪಂದವಿನ್ನೂ ಜನಿಸಿಲ್ಲ. ತನ್ನ ನ್ಯಾಯಬುದ್ಧಿಯನ್ನು ಅಳಿಸದೆಯೇ ಕ್ಷಣಕಾಲ ಬದಿಗಿರಿಸಿ, ಸೂತ್ರವನ್ನು ಸಂಗತಿಗಳಿಗೆ ಹೊಂದಿಸಿ ನೋಡುವ ಈ ಸಂಯಮವು ಗೈಡುಗಳ ಕಂಠಪಾಠದಿಂದ ಬರತಕ್ಕದ್ದಲ್ಲ. 2020ರಿಂದ ಕ್ಲ್ಯಾಟಿನಲ್ಲಿ ಪ್ರಶ್ನೆಗಳೆಲ್ಲವೂ ದೀರ್ಘ ಗದ್ಯಭಾಗಗಳನ್ನವಲಂಬಿಸಿರುವುದರಿಂದ, ದಿನವೂ ಒಂದು ಸಂಪಾದಕೀಯವನ್ನೋದಿ, ಅದರ ವಾದವನ್ನು ಎರಡು ವಾಕ್ಯಗಳಲ್ಲಿ ತನ್ನ ಮಾತಿನಿಂದ ಹೇಳುವ ಅಭ್ಯಾಸಕ್ಕಿಂತ ಮೇಲಾದ ಪಾಠವನ್ನು ನಾನು ಕಾಣೆ. ಆ ಮಾತು ಮೊದಮೊದಲು ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಅಡ್ಡಿಯಿಲ್ಲ, ಅರ್ಥ ಕೈವಶವಾಗಲಿ.

ಚರ್ಚ್‌ಗೇಟಿನ ಕಾಲೇಜಿಗಾದರೋ ದಾರಿ ಕ್ಲ್ಯಾಟ್ ಅಲ್ಲ, ಮಹಾರಾಷ್ಟ್ರದ ಸಿಇಟಿ ಎಂಬ ಪ್ರವೇಶಪರೀಕ್ಷೆ. ಎರಡು ಪರೀಕ್ಷೆಗಳಲ್ಲೂ ಈಗ 120 ಪ್ರಶ್ನೆ, ಎರಡು ಗಂಟೆ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆದು ತಪ್ಪುತ್ತರಕ್ಕೆ ಕಾಲು ಅಂಕ ಕಳೆದರೆ, ಸಿಇಟಿಯು ಮರಾಠಿಯಲ್ಲಿಯೂ ಲಭಿಸಿ, ತಪ್ಪಿಗೆ ದಂಡ ವಿಧಿಸುವುದಿಲ್ಲ. ಸಿಇಟಿ ಬೋರ್ಡ್ ಪರೀಕ್ಷೆಯ ಅನಂತರ ಬರುತ್ತದೆ. ಕ್ಲ್ಯಾಟ್ ಮಾತ್ರ ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರಿನಲ್ಲೇ ನಡೆಯುತ್ತಿದೆ. ಬೋರ್ಡ್ ಪರೀಕ್ಷೆ ಮುಗಿಯಲಿ, ಆಮೇಲೆ ವಿಚಾರಿಸೋಣವೆಂದು ತಂದೆತಾಯಿಗಳು ಮಾರ್ಚಿನಲ್ಲಿ ಕೇಳಬರುವ ವೇಳೆಗೆ, ಆ ವರ್ಷದ ಅರ್ಜಿ, ಪರೀಕ್ಷೆ, ಫಲಿತಾಂಶ ಮೂರೂ ಮುಗಿದುಹೋಗಿರುತ್ತವೆ.