ಇದ್ದಲ್ಲಿಯೇ ಉಳಿದ ಶಿಲಾಪೀಠ

ಶಿರಸಿ ತಾಲೂಕಿನ ಭೈರುಂಬೆಯ ಸುತ್ತಣ ಸೀಮೆಯು ಒಂದು ಕಾಲಕ್ಕೆ ಸೋದೆಯ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸಹಸ್ರಲಿಂಗಗಳನ್ನು ಕಡೆಯಿಸಿದವನು ಈ ವಂಶದ ಸದಾಶಿವರಾಯನೆಂದು ಪ್ರತೀತಿ. ವೀರಶೈವ ಮತಾನುಯಾಯಿಗಳಾದ ಈ ಅರಸರ ಅರಮನೆಯ ಒಳಕೋಣೆಗಳು ಹೇಗಿದ್ದವೆಂದು ಮಕ್ಕಳು ಕೇಳಿದರೆ, ಸೋದೆಯ ಹಾಳುಕೋಟೆಯಲ್ಲಿ ನಾವು ತೋರಿಸಬಹುದಾದ ಪ್ರಮುಖ ಆಸನ ಒಂದೇ.

ಅದೊಂದು ಶಿಲಾಪೀಠ. 12 ಅಡಿ ಚೌಕದ, 6 ಅಂಗುಲ ದಪ್ಪದ ಏಕಶಿಲೆಯ ಹಾಸು. ಅದರಡಿಯಲ್ಲಿ ಸುಮಾರು 3 ಅಡಿ ಎತ್ತರದ, ಕುಸುರಿ ಕೆತ್ತನೆಯ 5 ಕಂಬಗಳು. ಜನರು ಇದನ್ನು ಅರಸರ ಸಿಂಹಾಸನವೆಂದು ನಂಬಿರುವುದನ್ನು 1883ರ ಮುಂಬಯಿ ಗೆಜೆಟಿಯರ್ ದಾಖಲಿಸಿದೆ. 1764ರ ಸುಮಾರಿಗೆ ಸೋದೆ ಹೈದರಾಲಿಯ ವಶವಾಯಿತು. ಅರಸು ಮನೆತನ ಗೋವೆಯನ್ನು ಸೇರಿತು. ಮಾಡು ಬಿದ್ದ ಮೇಲೆ ಮಲೆನಾಡಿನ ಮಳೆಗೂ ಗೆದ್ದಲಿಗೂ ಮರ ಎಷ್ಟು ಕಾಲ ತಡೆದೀತು? ಕಲ್ಲು ಉಳಿಯಿತು. ಆದರೆ ಸುತ್ತಣ ಗೋಡೆ, ಬಾಗಿಲು, ತೊಲೆಗಳಿಲ್ಲದೆ ಆ ಪೀಠವು ಅರ್ಧ ಕಥೆಯನ್ನು ಮಾತ್ರ ಹೇಳುತ್ತದೆ.

ಈ ಮರ್ಮವನ್ನರಿತವರು ಮಣಿಪಾಲದ ವಿಜಯನಾಥ ಶೆಣೈಯವರು. 2017ರಲ್ಲಿ ತೀರಿಕೊಂಡ ಅವರು ಕಂಬ, ಮಂಚಗಳನ್ನು ಬಿಡಿಬಿಡಿಯಾಗಿ ಕೂಡಿಹಾಕಿ ತೃಪ್ತರಾಗಲಿಲ್ಲ. ಅಳಿವಿನಂಚಿನ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲಮಹಲು, ಮುಧೋಳದ ದರ್ಬಾರು ಶಾಲೆ ಇಂದು ಅಲ್ಲಿವೆ. ವಸ್ತುವನ್ನು ಅದರ ಕೋಣೆಯಲ್ಲಿಯೇ ಕಂಡಾಗ ಹಿರಿಯರ ಬಾಳುವೆ ಕಣ್ಣಿಗೆ ಕಟ್ಟುತ್ತದೆ.

ನಮ್ಮ ಅನೇಕ ಮನೆಗಳಲ್ಲಿ ಬೀಟೆಯ ಮಂಚ, ತೇಗದ ಪೆಟ್ಟಿಗೆ, ತೂಗುಮಣೆಗಳು ಇನ್ನೂ ಇವೆ. ಹೊಸ ಮನೆ ಕಟ್ಟುವಾಗ ಅವುಗಳನ್ನು ಹಳೆಯ ಸಾಮಾನಿನ ವ್ಯಾಪಾರಿಗೆ ಕೊಟ್ಟುಬಿಡುವುದುಂಟು. ಅದು ಪಟ್ಟಣದ ಹೋಟೆಲಿನ ಅಲಂಕಾರವಾದ ದಿನ, ಅದರ ಮೇಲೆ ಯಾವ ಅಜ್ಜ ಕುಳಿತಿದ್ದನು, ಯಾವ ತಾಯಿ ಬಾಣಂತನ ಕಳೆದಳು ಎಂಬುದೆಲ್ಲ ಅಳಿದುಹೋಗುತ್ತದೆ. ಹಣ ಬರುತ್ತದೆ, ನೆನಪು ಮರಳುವುದಿಲ್ಲ.

ಹೊಸ ಮನೆ ಬೇಡವೆಂದು ನಾವು ಹೇಳುವುದಿಲ್ಲ. ಹಳೆಯದನ್ನು ಕೆಡಹುವ ಮೊದಲು ಪ್ರತಿ ಕೋಣೆಯ ಅಳತೆ ತೆಗೆಯಿರಿ. ಸಾಮಾನು ಇದ್ದ ಸ್ಥಳದಲ್ಲಿಯೇ ಭಾವಚಿತ್ರ ತೆಗೆಸಿರಿ. ಹಿರಿಯರು ಹೇಳಿದ್ದನ್ನು ಬರೆದಿಡಿರಿ. ಒಂದು ಕೋಣೆಯನ್ನಾದರೂ ಇದ್ದಂತೆಯೇ ಉಳಿಸಿಕೊಳ್ಳಿರಿ. ಅದೂ ಆಗದಿದ್ದರೆ ಆ ಬರಹದೊಡನೆ ವಸ್ತುವನ್ನು ಮಠಕ್ಕೋ ವಸ್ತುಸಂಗ್ರಹಾಲಯಕ್ಕೋ ಒಪ್ಪಿಸಿರಿ. ಸೋದೆಯ ಅರಸರಿಗೆ ಅಷ್ಟು ಅವಕಾಶವಿರಲಿಲ್ಲ, ನಮಗಿದೆ.